ಒಣ ಕಸದ ಕೇಂದ್ರ ಮತ್ತು ಅದನ್ನು ನಡೆಸುವವರ ಕೌಶಲ: ಬೆಂಗಳೂರಿನ ಒಂದು ಪ್ರಕರಣ ಅಧ್ಯಯನ

2012ರ ಮಳೆಗಾಲದಲ್ಲಿ ಬೆಂಗಳೂರಿನ ಬೀದಿ ಮೂಲೆಗಳಲ್ಲಿ ಕಸದ ರಾಶಿಗಳು ದಿನಗಟ್ಟಲೆ ಕೊಳೆಯುತ್ತ ಬಿದ್ದಿದ್ದವು. ನಗರದ ಉತ್ತರಕ್ಕಿರುವ ಮಾವಳ್ಳಿಪುರದ ಜನ, ತಮ್ಮ ಬಾವಿಯ ನೀರು ಮತ್ತು ಉಸಿರಾಡುವ ಗಾಳಿ ಎರಡೂ ಕೆಟ್ಟಿವೆಯೆಂದು ವರ್ಷಗಟ್ಟಲೆ ಹೇಳುತ್ತ ಬಂದ ಮೇಲೆ, ಅಲ್ಲಿನ ಕಸ ಸುರಿಯುವ ಜಾಗ ಆ ವರ್ಷ ಮುಚ್ಚಿತು. ಲಾರಿಗಳು ಪೂರ್ವದ ಮಂಡೂರಿನತ್ತ ಹೊರಳಿದವು, ಮಂಡೂರಿನವರೂ ರಸ್ತೆಗಿಳಿದರು. 2014ರಲ್ಲಿ ಅವರ ಪ್ರತಿಭಟನೆ ತೀವ್ರಗೊಂಡು, ಆ ಡಿಸೆಂಬರ್‌ನಿಂದ ಅಲ್ಲಿಗೆ ಕಸ ತರುವುದಿಲ್ಲವೆಂದು ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ದಿನಕ್ಕೆ ಸುಮಾರು 4,000 ಟನ್ ಕಸ ಹೊರಹಾಕುವ ನಗರಕ್ಕೆ ಅದನ್ನು ಕಣ್ಣಿಗೆ ಬೀಳದ ಊರೊಂದಕ್ಕೆ ಸಾಗಿಸಿ ಕೈತೊಳೆದುಕೊಳ್ಳುವ ದಾರಿ ಮುಚ್ಚಿಹೋಯಿತು.

ಈ ಬಿಕ್ಕಟ್ಟಿಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಯಂತ್ರ, ಟೆಂಡರ್ ಮತ್ತು ಹೊಸ ಜಾಗದ ಹುಡುಕಾಟದ ಸುತ್ತಲೇ ಇದ್ದವು. ಆದರೆ ಅದೇ ಕಾಲದಲ್ಲಿ ಇನ್ನೊಂದು ಉತ್ತರವೂ ರೂಪುಗೊಳ್ಳುತ್ತಿತ್ತು. ಬೀದಿಯಲ್ಲಿ ಕಸ ಆಯ್ದು ಬದುಕುತ್ತಿದ್ದ ಸಾವಿರಾರು ಜನರನ್ನು, ಅವರಲ್ಲೂ ಬಹುಪಾಲು ದಲಿತ ಸಮುದಾಯಗಳ ಮಹಿಳೆಯರನ್ನು, ನಗರದ ತ್ಯಾಜ್ಯ ನಿರ್ವಹಣೆಯ ಅಧಿಕೃತ ಪಾಲುದಾರರನ್ನಾಗಿ ಮಾಡುವುದು ಆ ಉತ್ತರ. ವಾರ್ಡಿಗೊಂದು ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಮತ್ತು ಅದನ್ನು ನಡೆಸಲು ನಿನ್ನೆಯವರೆಗೆ ಬೀದಿಯಲ್ಲಿ ಆಯುತ್ತಿದ್ದವರು ಎಂಬ ಈ ಏರ್ಪಾಡನ್ನು ಇಲ್ಲಿ ಒಂದು ಪ್ರಕರಣವಾಗಿ ಪರಿಶೀಲಿಸಲಾಗಿದೆ. ಸಾಮಾಜಿಕ ನಾವೀನ್ಯವೆಂದರೆ ಇಲ್ಲದ ವಸ್ತುವೊಂದನ್ನು ಕಂಡುಹಿಡಿಯುವುದು ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ಈ ಪ್ರಕರಣದಲ್ಲಿ ಬೇಕಾದ ಮುಖ್ಯ ಕೌಶಲ ಆಗಲೇ ನಗರದಲ್ಲಿತ್ತು. ಅದಕ್ಕೆ ಸ್ಥಳ, ಕಾಗದ ಮತ್ತು ಕಾನೂನಿನ ಆಸರೆ ಇರಲಿಲ್ಲ. ಆ ಮೂರನ್ನು ಒದಗಿಸಿದ್ದೇ ಇಲ್ಲಿನ ನಾವೀನ್ಯ ಎಂಬುದು ನನ್ನ ವಾದ. ಅದು ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದನ್ನೂ ಮುಂದೆ ಹೇಳಬೇಕಾಗುತ್ತದೆ.

ಆಯುವವರ ಕೆಲಸ ಎಂಥದ್ದು

ಹೊರಗಿನಿಂದ ನೋಡುವವರಿಗೆ ಕಸ ಆಯುವುದು ಬೇರೇನೂ ಸಿಗದವರು ಮಾಡುವ ಕೆಲಸವಾಗಿ ಕಾಣುತ್ತದೆ. ಆ ಕೆಲಸಕ್ಕೆ ಜನರನ್ನು ತಳ್ಳುವುದು ಬಡತನ ಮತ್ತು ಜಾತಿ ಎನ್ನುವುದು ನಿಜ; ಕೆಲಸದೊಳಗೆ ವಿದ್ಯೆ ಇಲ್ಲ ಎನ್ನುವುದು ನಿಜವಲ್ಲ. ಯಾವುದೇ ಒಣ ಕಸದ ಕೇಂದ್ರದ ವಿಂಗಡಣೆ ಮೇಜಿನ ಬಳಿ ಒಂದು ಗಂಟೆ ನಿಂತರೆ ಇದು ಸ್ಪಷ್ಟವಾಗುತ್ತದೆ. ಮೇಜಿನ ಮೇಲೆ ಸುರಿದ ಗುಡ್ಡೆಯಿಂದ ಒಂದು ಕವರನ್ನು ಎತ್ತಿ ಬೆರಳ ನಡುವೆ ಉಜ್ಜುತ್ತಾರೆ. ಚರಚರ ಸದ್ದು ಮಾಡಿದರೆ ಅದು ಬಟ್ಟೆ ಅಂಗಡಿಯ ಗರಿಗರಿ ಕವರಿನ ಜಾತಿ, ಮೆತ್ತಗೆ ಹಿಗ್ಗಿದರೆ ಹಾಲಿನ ಕವರಿನ ಜಾತಿ. ಒಳಮೈ ಬೆಳ್ಳಿಯಂತೆ ಹೊಳೆದರೆ ಅದು ಹಲವು ಪದರಗಳ ಚಿಪ್ಸ್ ಪೊಟ್ಟಣ; ಅದಕ್ಕೆ ಕೊಳ್ಳುವವರಿಲ್ಲ, ಬೇರೆ ಚೀಲಕ್ಕೆ ಹಾಕಬೇಕು. ಬಾಟಲಿಗಳಲ್ಲಿ ನೀರಿನ ಬಾಟಲಿಯೇ ಬೇರೆ, ಶಾಂಪೂ ಬಾಟಲಿಯೇ ಬೇರೆ, ಮುಚ್ಚಳದ ಪ್ಲಾಸ್ಟಿಕ್ ಮತ್ತೊಂದು. ಸಂಶಯ ಬಂದರೆ ತುಂಡೊಂದನ್ನು ನೀರಿಗೆ ಹಾಕುತ್ತಾರೆ. ಮುಚ್ಚಳದ ಮತ್ತು ಶಾಂಪೂ ಬಾಟಲಿಯ ಪ್ಲಾಸ್ಟಿಕ್ ತೇಲುತ್ತದೆ. ನೀರಿನ ಬಾಟಲಿಯ ಪೆಟ್ ಮುಳುಗುತ್ತದೆ, ಪಿವಿಸಿಯೂ ಮುಳುಗುತ್ತದೆ. ಮುಳುಗುವ ಈ ಎರಡನ್ನು ಕಣ್ಣಿನಿಂದಲೇ ಬೇರ್ಪಡಿಸಬೇಕು, ಏಕೆಂದರೆ ಪೆಟ್ ರಾಶಿಯೊಳಗೆ ಸ್ವಲ್ಪ ಪಿವಿಸಿ ಸೇರಿದರೂ ಕರಗಿಸುವಾಗ ಇಡೀ ಸರಕು ಕೆಡುತ್ತದೆ ಮತ್ತು ಮುಂದಿನ ಸಲ ಆ ಕೇಂದ್ರದ ಸರಕಿಗೆ ಬೆಲೆ ಇಳಿಯುತ್ತದೆ. ಪಾಲಿಮರ್ ರಸಾಯನಶಾಸ್ತ್ರದ ಪಾಠದಲ್ಲಿ ಸಾಂದ್ರತೆಯ ಕೋಷ್ಟಕವಾಗಿ ಬರುವ ಸಂಗತಿ ಇಲ್ಲಿ ಬೆರಳ ತುದಿಯಲ್ಲಿದೆ.

ಸರಕನ್ನು ಗುರುತಿಸುವುದರ ಜೊತೆಗೆ ಮಾರುಕಟ್ಟೆಯ ಜ್ಞಾನವೂ ಇದೆ. ಬೀದಿಯಲ್ಲಿ ಆಯ್ದದ್ದು ಮೊದಲು ಬಡಾವಣೆಯ ಗುಜರಿ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಜಾಲಿ ಮೊಹಲ್ಲಾದಂಥ ಸಗಟು ಪೇಟೆಗೆ, ಪ್ಲಾಸ್ಟಿಕ್ಕಾದರೆ ನಾಯಂಡಹಳ್ಳಿಯ ಪುಡಿ ಮಾಡುವ ಘಟಕಗಳಿಗೆ. ಒಂದೊಂದು ಮೆಟ್ಟಿಲಿನಲ್ಲೂ ಬೆಲೆ ಏರುತ್ತದೆ, ಕೆಳಗಿನ ಮೆಟ್ಟಿಲಿನವರಿಗೆ ಅತಿ ಕಡಿಮೆ ಸಿಗುತ್ತದೆ. ಗುಜರಿಯವರು ಕಷ್ಟಕಾಲಕ್ಕೆ ಮುಂಗಡ ಕೊಡುತ್ತಾರೆ, ಮಗುವಿನ ಜ್ವರಕ್ಕೋ ಊರಿನ ಹಬ್ಬಕ್ಕೋ ಬ್ಯಾಂಕಿಗಿಂತ ಬೇಗ ಕೈಗೆ ಬರುವುದು ಅದೇ ಹಣ. ಆ ಮುಂಗಡ ತೀರುವವರೆಗೆ ಅವರು ಹೇಳಿದ ತೂಕ, ಅವರು ಕೊಟ್ಟ ದರ. ಆಯುವವರಿಗೆ ಇದೆಲ್ಲ ತಿಳಿಯದ ವಿಷಯವಲ್ಲ. ತಿಳಿದೂ ಬೇರೆ ಕಡೆ ಮಾರಲಾಗದ ಸ್ಥಿತಿ ಅವರದು, ಏಕೆಂದರೆ ಸರಕನ್ನು ಕೂಡಿಡಲು ಅವರಿಗೆ ನಾಲ್ಕು ಅಡಿ ಜಾಗವೂ ಇರಲಿಲ್ಲ.

ಜಾಗವಿಲ್ಲದ್ದಕ್ಕಿಂತ ದೊಡ್ಡ ತೊಂದರೆ ಬೀದಿಯಲ್ಲಿ ಇರುವ ಹಕ್ಕೇ ಇಲ್ಲದ್ದು. ಬೆಳಗಿನ ಜಾವ ಚೀಲ ಹೊತ್ತು ನಡೆಯುವ ಹೆಂಗಸು ಕಾವಲುಗಾರನ ಕಣ್ಣಿಗೆ ಕಳ್ಳಿ, ಪೊಲೀಸರ ಕಣ್ಣಿಗೆ ಅನುಮಾನಾಸ್ಪದ ವ್ಯಕ್ತಿ. ಬಡಾವಣೆಯಲ್ಲಿ ಏನಾದರೂ ಕಳವಾದರೆ ಮೊದಲ ಪ್ರಶ್ನೆ ಅವರಿಗೇ. ನಗರಕ್ಕೆ ದಿನವೂ ಟನ್ನುಗಟ್ಟಲೆ ಸಾಗಣೆಯ ಖರ್ಚು ಉಳಿಸಿಕೊಡುತ್ತಿದ್ದವರು ನಗರದ ಯಾವ ಕಡತದಲ್ಲೂ ಇರಲಿಲ್ಲ.

ಗುರುತಿನ ಚೀಟಿ

ಈ ಸ್ಥಿತಿಯನ್ನು ಬದಲಿಸಲು ಹೊರಟವರಲ್ಲಿ ಪ್ರಮುಖವಾದದ್ದು ಹಸಿರು ದಳ. 2010ರ ಸುಮಾರಿಗೆ ಸಂಘಟನೆಯ ಕೆಲಸವಾಗಿ ಆರಂಭವಾಗಿ, 2013ರಲ್ಲಿ ಸಂಸ್ಥೆಯಾಗಿ ನೋಂದಣಿಗೊಂಡ ಇದರ ಸಹಸ್ಥಾಪಕಿ ನಳಿನಿ ಶೇಖರ್ ಅದಕ್ಕೂ ಮೊದಲು ಪುಣೆಯಲ್ಲಿ ತ್ಯಾಜ್ಯ ಆಯುವವರ ನಡುವೆ ಕೆಲಸ ಮಾಡಿದ್ದವರು. ಪುಣೆಯಲ್ಲಿ 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಕಾರ್ಮಿಕ ಸಂಘ ಹುಟ್ಟಿತ್ತು, ಮುಂದೆ ಅದರ ಸದಸ್ಯರದೇ ಸಹಕಾರಿ ಸಂಸ್ಥೆಯಾದ ಸ್ವಚ್ಛ್, ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸಕ್ಕಿಳಿಯಿತು. ಬೆಂಗಳೂರಿನ ಪ್ರಯತ್ನ ಆ ಅನುಭವದಿಂದ ಕಲಿತದ್ದು ಬಹಳ. ಆದರೆ ಪುಣೆಯ ಮಾದರಿಯನ್ನು ಹಾಗೆಯೇ ತಂದು ಇಲ್ಲಿ ನೆಡಲಾಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮನೆಮನೆ ಸಂಗ್ರಹಣೆ ಆಗಲೇ ಗುತ್ತಿಗೆದಾರರ ಕೈಯಲ್ಲಿತ್ತು. ಆಟೋ ಟಿಪ್ಪರ್, ಕಾಂಪ್ಯಾಕ್ಟರ್ ಮತ್ತು ಗುತ್ತಿಗೆ ಪೌರಕಾರ್ಮಿಕರ ಆ ವ್ಯವಸ್ಥೆಯೊಳಗೆ ಆಯುವವರಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಇಲ್ಲಿ ಪ್ರವೇಶದ ಬಾಗಿಲು ಒಣ ಕಸವಾಯಿತು.

ಅದಕ್ಕೂ ಮೊದಲು ನಡೆದದ್ದು ಗಣತಿ. ಲೋಕ ಅದಾಲತ್ ನೀಡಿದ ನಿರ್ದೇಶನದ ಬೆನ್ನಿಗೆ, 2011ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ತ್ಯಾಜ್ಯ ಆಯುವವರನ್ನು ನೋಂದಾಯಿಸಿ ವೃತ್ತಿ ಗುರುತಿನ ಚೀಟಿ ಕೊಡಲಾರಂಭಿಸಿತು. ಪಾಲಿಕೆಯ ಲಾಂಛನ ಮತ್ತು ಸಹಿ ಇರುವ ಈ ಚೀಟಿ ನೋಡಲು ಸಣ್ಣದು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ ಎಂದು ನಾನು ಭಾವಿಸುತ್ತೇನೆ. ಕಾವಲುಗಾರ ತಡೆದಾಗ, ಪೊಲೀಸರು ಪ್ರಶ್ನಿಸಿದಾಗ ತೋರಿಸಲು ಒಂದು ಕಾಗದ ಸಿಕ್ಕಿತು. ಬ್ಯಾಂಕ್ ಖಾತೆ, ಮಕ್ಕಳ ವಿದ್ಯಾರ್ಥಿವೇತನ, ಆರೋಗ್ಯ ವಿಮೆಗಳತ್ತ ಹೋಗುವ ದಾರಿಯಲ್ಲಿ ಅದು ಮೊದಲ ಹೆಜ್ಜೆಯಾಯಿತು. ಪಾಲಿಕೆಯ ಕಡೆಯಿಂದ ನೋಡಿದರೂ, ಚೀಟಿ ಕೊಟ್ಟ ಮೇಲೆ ಇವರು ಯಾರೆಂದು ಗೊತ್ತಿಲ್ಲ ಎನ್ನುವ ಉತ್ತರ ಇನ್ನು ನಡೆಯುತ್ತಿರಲಿಲ್ಲ.

ಚೀಟಿ ಹಂಚುವುದು ಸುಲಭದ ಆಡಳಿತ ಕೆಲಸವೆಂದು ಓದುಗರಿಗೆ ಅನ್ನಿಸಬಹುದು, ಆದರೆ ಅದು ಹಾಗಲ್ಲ. ಮೇಲ್ಸೇತುವೆಯ ಕೆಳಗೆ, ಖಾಲಿ ನಿವೇಶನದ ಶೆಡ್ಡಿನಲ್ಲಿ, ಕೊಳೆಗೇರಿಯ ಒಳ ಸಂದಿಯಲ್ಲಿ ಇರುವವರನ್ನು ಹುಡುಕುವುದು ಒಂದು ಭಾಗ. ತಮಿಳು, ತೆಲುಗು, ಉರ್ದು, ಉತ್ತರ ಕರ್ನಾಟಕದ ಕನ್ನಡ ಮಾತಾಡುವ ಗುಂಪುಗಳಿಗೆ, ಸರ್ಕಾರದ ಕಡೆಯವರು ಹೆಸರು ಬರೆದುಕೊಳ್ಳಲು ಬಂದರೆ ಅದು ಒಕ್ಕಲೆಬ್ಬಿಸುವುದಕ್ಕಲ್ಲ ಎಂದು ಅವರವರ ಮಾತಿನಲ್ಲೇ ನಂಬಿಕೆ ಬರುವಂತೆ ಹೇಳುವುದು ಇನ್ನೊಂದು ಭಾಗ. ಗುಜರಿಯವರ ಕೆಲಸಗಾರರು, ಬೀದಿಯಲ್ಲಿ ಸುತ್ತಿ ಆಯುವವರು, ಮನೆಮನೆಗೆ ಹೋಗಿ ಹಳೆ ಪೇಪರ್ ಕೊಳ್ಳುವವರು, ಇವರಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದು ಎಲ್ಲಕ್ಕಿಂತ ಕಷ್ಟದ ಭಾಗ. ಕಾಲೇಜುಗಳ ಸಮಾಜಕಾರ್ಯ ಮತ್ತು ಉದ್ಯಮಶೀಲತೆಯ ತರಗತಿಗಳಲ್ಲಿ ಸಾಮಾಜಿಕ ನಾವೀನ್ಯವನ್ನು ಕಲಿಸುವಾಗ ಹೊಸ ಕಲ್ಪನೆಗಳನ್ನು ಗೋಡೆಗೆ ಅಂಟಿಸುವ ಕಾರ್ಯಾಗಾರಕ್ಕೆ ಸಿಗುವ ಸಮಯದ ಅರ್ಧದಷ್ಟು ಸಮಯವಾದರೂ ಇಂಥ ಗಣತಿಯ ವಿದ್ಯೆಗೆ ಸಿಗಬೇಕು. ಯಾರ ಸಮಸ್ಯೆಯೆಂಬುದೇ ದಾಖಲಾಗದಿದ್ದರೆ ಪರಿಹಾರಕ್ಕೆ ಹಕ್ಕುದಾರರಿರುವುದಿಲ್ಲ.

ನ್ಯಾಯಾಲಯ, ನಾಗರಿಕರು ಮತ್ತು ಒಂದು ಚೀಲ

ಕಸದ ವಿಚಾರದಲ್ಲಿ ನ್ಯಾಯಾಲಯದ ಮೆಟ್ಟಿಲೇರುವುದು ಬೆಂಗಳೂರಿಗೆ ಹೊಸತಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೇ 2000ದ ಪುರಸಭಾ ಘನತ್ಯಾಜ್ಯ ನಿಯಮಗಳಿಗೆ ದಾರಿ ಮಾಡಿತ್ತು. ಆ ನಿಯಮಗಳು ವಿಂಗಡಣೆಯ ಮಾತಾಡಿದವು. ಬೀದಿಯಲ್ಲಿ ವಿಂಗಡಿಸುತ್ತಿದ್ದವರ ಮಾತಾಡಲಿಲ್ಲ. 2012ರ ಬಿಕ್ಕಟ್ಟಿನ ಹೊತ್ತಿಗೆ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಅರ್ಜಿಯಲ್ಲಿ ನ್ಯಾಯಾಲಯ ವರ್ಷಗಟ್ಟಲೆ ವಿಚಾರಣೆ ಮುಂದುವರಿಸಿ ಒಂದರ ಹಿಂದೆ ಒಂದು ನಿರ್ದೇಶನ ಕೊಟ್ಟಿತು. ಮೂಲದಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು, ವಾರ್ಡಿಗೊಂದು ಒಣ ತ್ಯಾಜ್ಯ ಕೇಂದ್ರ ಇರಬೇಕೆಂದಾಯಿತು. ಆಗ ಪಾಲಿಕೆಯಲ್ಲಿ 198 ವಾರ್ಡುಗಳಿದ್ದವು. ನೂರಕ್ಕೂ ಹೆಚ್ಚು ವಾರ್ಡುಗಳಲ್ಲಿ ಕೇಂದ್ರಗಳು ಕ್ರಮೇಣ ತೆರೆದವು.

2015ರ ಡಿಸೆಂಬರಿನಲ್ಲಿ ನ್ಯಾಯಾಲಯ ಎರಡು ಡಬ್ಬಿ, ಒಂದು ಚೀಲದ ಪದ್ಧತಿಗೆ ಅಧಿಕೃತ ಮುದ್ರೆ ಒತ್ತಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಸ್ಯಾನಿಟರಿ ಪ್ಯಾಡು, ಡಯಾಪರ್, ಬ್ಯಾಂಡೇಜಿನಂಥ ತಿರಸ್ಕೃತ ಕಸ, ಚೀಲಕ್ಕೆ ಒಣ ಕಸ. ಈ ಪದ್ಧತಿಯನ್ನು ರೂಪಿಸಿ ಬಡಾವಣೆಗಳಲ್ಲಿ ಪರೀಕ್ಷಿಸಿ ನೋಡಿದವರು ಘನತ್ಯಾಜ್ಯ ನಿರ್ವಹಣಾ ದುಂಡುಮೇಜಿನಂಥ ನಾಗರಿಕ ಗುಂಪುಗಳವರು. ಅವರಲ್ಲಿ ಹೆಚ್ಚಿನವರು ತಮ್ಮ ಅಪಾರ್ಟ್‌ಮೆಂಟಿನ ಕಸದಿಂದಲೇ ಆರಂಭಿಸಿದ ಗೃಹಿಣಿಯರು ಮತ್ತು ಉದ್ಯೋಗಸ್ಥ ಮಹಿಳೆಯರು. ಪ್ಯಾಡನ್ನು ಹಳೆ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡಿ ಎಂಬ ಅಭಿಯಾನವನ್ನೂ ಇದೇ ಗುಂಪುಗಳು ನಡೆಸಿದವು. ಆ ಕೆಂಪು ಗುರುತಿನ ಬೆಲೆ ಗೊತ್ತಾಗುವುದು ವಿಂಗಡಣೆ ಮೇಜಿನ ಬಳಿ: ಗುರುತಿದ್ದರೆ ಪೊಟ್ಟಣ ಬಿಚ್ಚದೆ ಪಕ್ಕಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಯಾರೋ ಒಬ್ಬರ ಬರಿಗೈ ಅದನ್ನು ಬಿಚ್ಚಬೇಕಾಗುತ್ತದೆ.

ಈ ಹಂತದಲ್ಲಿ ಕೆಲಸ ಮಾಡಿದ ಕೌಶಲಗಳು ಹಿಂದಿನವಕ್ಕಿಂತ ಭಿನ್ನವಾಗಿದ್ದವು. ನಿಯಮದ ಪಠ್ಯ ಓದಿ ಅದರಲ್ಲಿ ಏನಿಲ್ಲ ಎಂಬುದನ್ನು ಕಾಣುವುದು, ಬೀದಿಯ ಅನುಭವವನ್ನು ಪ್ರಮಾಣಪತ್ರದ ಭಾಷೆಗೆ ತರುವುದು, ಅಧಿಕಾರಿಗಳು ಬದಲಾದಾಗಲೆಲ್ಲ ಹೊಸಬರಿಗೆ ಮೊದಲಿನಿಂದ ವಿವರಿಸುವುದು. ವಕೀಲರು, ಗೃಹಿಣಿಯರು, ಆಯುವವರು ಒಂದೇ ಸಭೆಯಲ್ಲಿ ಕೂತಾಗ ಮಾತು ಯಾರದಾಗಬೇಕು ಎಂಬ ಪ್ರಶ್ನೆಯೂ ಇತ್ತು. ಒಣ ಕಸದಲ್ಲಿ ಯಾವುದಕ್ಕೆ ಕೊಳ್ಳುವವರಿದ್ದಾರೆ ಎಂಬುದನ್ನು ಸಭೆಯಲ್ಲಿ ಖಚಿತವಾಗಿ ಹೇಳಬಲ್ಲವರು ಆಯುವವರು ಮಾತ್ರ. ಅವರು ಹೇಳುವವರೆಗೆ ಉಳಿದವರು ಸುಮ್ಮನಿರಲು ಕಲಿಯುವುದೂ ಒಂದು ಕೌಶಲವೇ, ಮತ್ತು ಸುಶಿಕ್ಷಿತರ ಸಂಘಗಳಲ್ಲಿ ಅದು ಅಪರೂಪ.

2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯ ಆಯುವವರು ಯಾರೆಂದು ವ್ಯಾಖ್ಯಾನಿಸಿದವು, ಅವರ ಸಂಘಟನೆಗಳನ್ನು ಗುರುತಿಸಿ ಮನೆಮನೆ ಸಂಗ್ರಹಣೆಯೂ ಸೇರಿದಂತೆ ತ್ಯಾಜ್ಯ ನಿರ್ವಹಣೆಯಲ್ಲಿ ಅವರನ್ನು ಒಳಗೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳ ಮೇಲೆ ಹೊಣೆ ಹೊರಿಸಿದವು. ಪುಣೆ, ಬೆಂಗಳೂರು ಮತ್ತು ಇತರ ನಗರಗಳ ಸಂಘಟನೆಗಳು ಬೀದಿಯಲ್ಲಿ ಮಾಡಿ ತೋರಿಸಿದ್ದು ದೇಶದ ನಿಯಮದೊಳಗೆ ಬಂದಿತು.

ಕೇಂದ್ರದ ಲೆಕ್ಕಪುಸ್ತಕ

ಇನ್ನು ಮುಂದಿನ ಭಾಗವೇ ಈ ಪ್ರಕರಣದ ಹೃದಯ, ಮತ್ತು ಹೊಗಳಿಕೆಯ ಲೇಖನಗಳಲ್ಲಿ ಬೇಗ ದಾಟಿಹೋಗುವ ಭಾಗವೂ ಹೌದು.

ಒಣ ತ್ಯಾಜ್ಯ ಕೇಂದ್ರವೆಂದರೆ ಹೆಚ್ಚಿನ ಕಡೆ ತಗಡಿನ ಮಾಡಿನ ಒಂದು ಶೆಡ್ಡು, ತೂಕದ ಯಂತ್ರ, ವಿಂಗಡಣೆ ಮೇಜು, ಸಾಲು ಚೀಲಗಳು, ಕೆಲವು ಕಡೆ ರಟ್ಟು ಮತ್ತು ಪ್ಲಾಸ್ಟಿಕ್ಕನ್ನು ಒತ್ತಿ ಕಟ್ಟುವ ಯಂತ್ರ. ಜಾಗ, ಶೆಡ್ಡು ಪಾಲಿಕೆಯವು. ನಡೆಸುವುದು ಒಪ್ಪಂದ ಮಾಡಿಕೊಂಡ ನಿರ್ವಾಹಕರು. ಹಸಿರು ದಳದ ಬೆಂಬಲದಿಂದ ಹಲವು ಕೇಂದ್ರಗಳು ಹಿಂದೆ ಬೀದಿಯಲ್ಲಿ ಆಯುತ್ತಿದ್ದವರ ಅಥವಾ ಸಣ್ಣ ಗುಜರಿ ನಡೆಸುತ್ತಿದ್ದವರ ಕೈಗೆ ಬಂದವು. ಆಯುವವರು ನಿರ್ವಾಹಕರಾದ ದಿನದಿಂದ ಅವರಿಗೆ ಬೇಕಾದ ವಿದ್ಯೆಯ ಪಟ್ಟಿ ಬದಲಾಯಿತು. ಸರಕಿನ ಜ್ಞಾನ ಅವರಲ್ಲಿತ್ತು. ದಿನದ ಒಳಬರುವ ತೂಕ, ಹೊರಹೋಗುವ ತೂಕ, ತಿರಸ್ಕೃತದ ತೂಕ ಬರೆದಿಡುವುದು. ನಾಲ್ಕಾರು ಜನರಿಗೆ ವಾರದ ಕೂಲಿ ಕೊಡುವುದು. ಬಿಲ್ಲು ಮಾಡಿ ಪಾಲಿಕೆಯ ವಾರ್ಡ್ ಕಚೇರಿಗೆ ಸಲ್ಲಿಸಿ ಅದರ ಬೆನ್ನು ಹತ್ತುವುದು. ಸಗಟು ವ್ಯಾಪಾರಿಯೊಂದಿಗೆ ಫೋನಿನಲ್ಲಿ ದರ ಮಾತಾಡುವುದು. ಪಕ್ಕದ ಮನೆಯವರು ವಾಸನೆಯೆಂದು ದೂರು ತಂದಾಗ ಜಗಳಕ್ಕೆ ಹೋಗದೆ ಕೇಂದ್ರದ ಒಳಗೆ ಕರೆದು ತೋರಿಸುವುದು, ಇವನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. ಓದು ಬರಹ ಕಡಿಮೆ ಇದ್ದವರಲ್ಲಿ ಅನೇಕರು ಮನೆಯ ಮಕ್ಕಳ ಕೈಲಿ ಲೆಕ್ಕ ಬರೆಸಿದರು. ತರಬೇತಿ ನಡೆಸಿದವರು ಬಂದು ಹೋಗುವವರಾಗಿದ್ದರೆ ಇದು ಸಾಗುತ್ತಿರಲಿಲ್ಲ. ಸಂಘಟನೆಯ ಕಾರ್ಯಕರ್ತರು ತಿಂಗಳಾನುಗಟ್ಟಲೆ ಜೊತೆಗಿದ್ದರು.

ಆದರೆ ಲೆಕ್ಕಪುಸ್ತಕ ಚೆನ್ನಾಗಿ ಬರೆದ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಕೇಂದ್ರಕ್ಕೆ ಬರುವ ಒಣ ಕಸದಲ್ಲಿ ರಟ್ಟು, ಪೆಟ್ ಬಾಟಲಿ, ಹಾಲಿನ ಕವರು, ಲೋಹ, ಗಟ್ಟಿ ಪ್ಲಾಸ್ಟಿಕ್ ಇವಕ್ಕೆ ಬೆಲೆಯಿದೆ. ಗಾಜು ತೂಕ ಹೆಚ್ಚು, ದರ ಕಡಿಮೆ. ಥರ್ಮಾಕೋಲು ಜಾಗ ನುಂಗುತ್ತದೆ, ಸಾಗಿಸುವ ಖರ್ಚೇ ಅದರ ಬೆಲೆಯನ್ನು ಮೀರುತ್ತದೆ. ಚಿಪ್ಸ್, ಬಿಸ್ಕತ್ತು, ಗುಟ್ಕಾ ಪೊಟ್ಟಣಗಳಿಗೆ ಕೊಳ್ಳುವವರೇ ಇಲ್ಲ. ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಬೇಕು, ಅದಕ್ಕೂ ಸಾಗಣೆ ಖರ್ಚು. ಹಳೆ ಚಪ್ಪಲಿ, ಹರಿದ ಬಟ್ಟೆ, ಹಾಸಿಗೆಯ ಹತ್ತಿ ಬಂದು ಬೀಳುತ್ತಲೇ ಇರುತ್ತವೆ. ಇದರ ಮೇಲೆ ಇನ್ನೊಂದು ಸೂಕ್ಷ್ಮವಿದೆ: ಬೆಲೆಯಿರುವ ಪೇಪರು, ಬಾಟಲಿ, ಲೋಹವನ್ನು ಮನೆಯವರೇ ಹಳೆ ಪೇಪರಿನವರಿಗೆ ಮಾರುತ್ತಾರೆ, ಅಥವಾ ದಾರಿಯಲ್ಲಿ ಸಂಗ್ರಹಣೆ ವಾಹನದವರು ತೆಗೆದುಕೊಳ್ಳುತ್ತಾರೆ. ಹೀಗೆ ಕೇಂದ್ರ ತಲಪುವ ಹೊತ್ತಿಗೆ ಚೀಲದಲ್ಲಿ ಬೆಲೆ ಇಲ್ಲದ್ದರ ಪಾಲು ಹೆಚ್ಚಿರುತ್ತದೆ. ಆ ಬೆಲೆ ಇಲ್ಲದ ಪಾಲನ್ನು ಕೈಯಾರೆ ಬೇರ್ಪಡಿಸಿ ಭೂಭರ್ತಿಗೆ, ಅಂದರೆ ಕಸ ಸುರಿದು ಹೂಳುವ ಜಾಗಕ್ಕೆ, ಹೋಗದಂತೆ ತಡೆಯುವುದೇ ನಗರಕ್ಕೆ ಕೇಂದ್ರ ಮಾಡುವ ನಿಜವಾದ ಸೇವೆ. ಆದರೆ ಬಹುಕಾಲ ನಿರ್ವಾಹಕರ ಆದಾಯ ನಿಂತಿದ್ದು ಬೆಲೆಯಿರುವ ಪಾಲಿನ ಮಾರಾಟದ ಮೇಲೆ.

ಆ ಮಾರಾಟದ ದರವೂ ನಿರ್ವಾಹಕರ ಕೈಯಲ್ಲಿಲ್ಲ. ಹೊಸ ಪ್ಲಾಸ್ಟಿಕ್ ಕಚ್ಚಾ ತೈಲದಿಂದ ಬರುವುದರಿಂದ, 2014ರ ನಡುವಿನಿಂದ ತೈಲದ ಬೆಲೆ ಕುಸಿದಾಗ ಹೊಸ ಪ್ಲಾಸ್ಟಿಕ್ ಅಗ್ಗವಾಗಿ ಹಳೆಯದಕ್ಕೆ ಬೇಡಿಕೆ ಇಳಿಯಿತು. 2020ರಲ್ಲಿ ಲಾಕ್‌ಡೌನಿನ ಜೊತೆಗೆ ಇದೇ ಮರುಕಳಿಸಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಪ್ಲಾಸ್ಟಿಕ್ ಗುಜರಿಗೆ ಶೇ 18 ತೆರಿಗೆ ಬಿತ್ತು, ಅದೇ ವರ್ಷದ ಕೊನೆಗೆ ಶೇ 5ಕ್ಕೆ ಇಳಿಯಿತು, 2021ರ ಅಕ್ಟೋಬರಿನಲ್ಲಿ ಮತ್ತೆ ಶೇ 18ಕ್ಕೆ ಏರಿತು. ಸಗಟು ವ್ಯಾಪಾರಿ ಈ ಭಾರವನ್ನು ಕೆಳಕ್ಕೆ ದಾಟಿಸುತ್ತಾನೆ; ಅತ್ಯಂತ ಕೆಳಗಿರುವವರು ದಾಟಿಸಲು ಯಾರೂ ಇಲ್ಲದವರು. ವಾರ್ಡಿನ ಶೆಡ್ಡಿನಲ್ಲಿ ಹಾಲಿನ ಕವರು ತೊಳೆದು ಒಣಗಿಸುವ ಹೆಂಗಸಿನ ವಾರದ ಕೂಲಿ ಜಾಗತಿಕ ತೈಲ ಮಾರುಕಟ್ಟೆಯೊಂದಿಗೆ ಏರಿಳಿಯುವಂತೆ ಬಿಡುವುದು ಯಾವ ನ್ಯಾಯವೂ ಅಲ್ಲ. ನಗರಕ್ಕೆ ಕಸ ವಿಲೇವಾರಿ ಒಂದು ಸೇವೆ, ಅದಕ್ಕೆ ಗುತ್ತಿಗೆದಾರರಿಗೆ ಪಾಲಿಕೆ ಹಣ ಕೊಡುತ್ತಿತ್ತು. ಒಣ ಕಸದವರಿಗೆ ಮಾತ್ರ, ನಿಮಗೆ ಸರಕು ಸಿಗುತ್ತದಲ್ಲ ಎಂಬ ಉತ್ತರ ದೊರೆಯಿತು.

ಈ ವಾದವನ್ನು ಪಾಲಿಕೆಗೆ ಒಪ್ಪಿಸಲು ಸಂಘಟನೆಗಳಿಗೆ ವರ್ಷಗಳೇ ಹಿಡಿದವು. ಕ್ರಮೇಣ ಒಪ್ಪಂದಗಳಲ್ಲಿ ಬದಲಾವಣೆ ಬಂದು, ಹಲವು ವಾರ್ಡುಗಳಲ್ಲಿ ವಾರಕ್ಕೆ ಎರಡು ದಿನ ಮನೆಮನೆಯಿಂದ ಒಣ ಕಸ ಸಂಗ್ರಹಿಸುವ ಕೆಲಸ ಕೇಂದ್ರದ ನಿರ್ವಾಹಕರಿಗೇ ಬಂತು, ವಾಹನ ಮತ್ತು ಸಿಬ್ಬಂದಿಯ ಖರ್ಚಿಗೆ ಪಾಲಿಕೆ ಹಣ ಕೊಡುವುದೂ ಶುರುವಾಯಿತು. ಕೇಂದ್ರಕ್ಕೆ ಬರುವ ಕಸದ ಗುಣಮಟ್ಟ ಇದರಿಂದ ಸುಧಾರಿಸಿತು, ಏಕೆಂದರೆ ಸಂಗ್ರಹಿಸುವವರೇ ವಿಂಗಡಿಸುವವರಾದಾಗ ಮನೆ ಬಾಗಿಲಲ್ಲೇ, ಇದರಲ್ಲಿ ಸೊಪ್ಪು ಸೇರಿದೆ ಅಮ್ಮಾ, ಬೇರೆ ಮಾಡಿ ಕೊಡಿ ಎಂದು ಹೇಳಲು ಅವರಿಗೆ ಕಾರಣವಿರುತ್ತದೆ. ಹಾಲಿನ ಕವರಿನ ತುದಿಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಸೀಳಿ ಅದಕ್ಕೇ ಅಂಟಿಕೊಂಡಿರಲಿ ಎಂಬಂಥ ಸಣ್ಣ ಮಾತು ಮನೆಗಳಿಗೆ ಮುಟ್ಟಿದ್ದೂ ಹೀಗೆ ಎದುರುಬದುರು ನಿಂತು ಮಾತಾಡಿದ್ದರಿಂದ. ಬಿಲ್ಲು ತಡವಾಗುವ ದೂರು ಮಾತ್ರ ಮುಂದುವರಿಯಿತು. ಬಂಡವಾಳ ಇಲ್ಲದವರಿಗೆ ಎರಡು ಮೂರು ತಿಂಗಳ ಬಿಲ್ಲು ಬಾಕಿಯಾದರೆ ಅವರು ಮತ್ತೆ ಹೋಗುವುದು ಅದೇ ಮುಂಗಡ ಕೊಡುವ ಗುಜರಿಯವರ ಬಳಿಗೆ.

ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ

2012ರ ನಂತರ ದೊಡ್ಡ ಅಪಾರ್ಟ್‌ಮೆಂಟು ಸಮುಚ್ಚಯಗಳು ಮತ್ತು ವಾಣಿಜ್ಯ ಸಂಸ್ಥೆಗಳು ತಮ್ಮ ಕಸವನ್ನು ತಾವೇ ನಿರ್ವಹಿಸಬೇಕೆಂಬ ನಿಯಮ ಬಂದಾಗ ಇನ್ನೊಂದು ಅವಕಾಶ ತೆರೆಯಿತು. ಆಯುವವರಲ್ಲಿ ಕೆಲವರು ಸಣ್ಣ ಉದ್ಯಮಿಗಳಾಗಿ ಇಂಥ ಸಮುಚ್ಚಯಗಳಿಂದ ಬೇರ್ಪಡಿಸಿದ ಕಸ ಸಂಗ್ರಹಿಸಿ ಸೇವಾ ಶುಲ್ಕ ಪಡೆಯುವ ಏರ್ಪಾಡನ್ನು ಹಸಿರು ದಳ ರೂಪಿಸಿತು. ಮುಂದೆ ಈ ಭಾಗ ಹಸಿರು ದಳ ಇನೋವೇಷನ್ಸ್ ಎಂಬ ಪ್ರತ್ಯೇಕ ಸಾಮಾಜಿಕ ಉದ್ಯಮವಾಯಿತು. ಇಲ್ಲಿ ಆದಾಯದ ಮುಖ್ಯ ಭಾಗ ತಿಂಗಳ ಶುಲ್ಕ, ಗುಜರಿ ಮಾರಾಟ ಅದರ ಮೇಲಿನ ಸೇರ್ಪಡೆ. ವಾರ್ಡ್ ಕೇಂದ್ರಗಳಲ್ಲಿ ತಲೆಕೆಳಗಾಗಿದ್ದ ಲೆಕ್ಕ ಇಲ್ಲಿ ನೆಟ್ಟಗೆ ನಿಂತಿತು. ಒಂದೇ ಜನ, ಅದೇ ಕೌಶಲ, ಅದೇ ಕಸ. ಹಣ ಯಾವುದಕ್ಕೆ ಕೊಡಲಾಗುತ್ತದೆ ಎಂಬುದೊಂದೇ ವ್ಯತ್ಯಾಸ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಸಿಗುವುದೇ ಈ ಪ್ರಕರಣದಿಂದ ಕಲಿಯಲು ಹೊರಟವರಿಗೆ ಸಿಗುವ ದೊಡ್ಡ ಲಾಭ ಎನ್ನಬೇಕು.

ಈ ಕೆಲಸದಲ್ಲಿ ಬೇರೆ ಬಗೆಯ ಕಷ್ಟಗಳಿವೆ. ನಿವಾಸಿಗಳ ಸಂಘ ಪ್ರತಿ ವರ್ಷ ಬದಲಾಗುತ್ತದೆ, ಹೊಸ ಕಾರ್ಯದರ್ಶಿ ಅಗ್ಗದ ಗುತ್ತಿಗೆದಾರರನ್ನು ಹುಡುಕುತ್ತಾರೆ. ಆ ಅಗ್ಗದವರ ಕಸ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಅದು ನಗರದ ಅಂಚಿನ ಯಾವುದೋ ಕೆರೆ ಪಕ್ಕ ಬಿದ್ದಿರಬಹುದು. ಅಪಾರ್ಟ್‌ಮೆಂಟಿನ ಮುಖ್ಯ ಬಾಗಿಲಲ್ಲಿ ಹಿಂದೆ ತಡೆಯಲ್ಪಡುತ್ತಿದ್ದ ವ್ಯಕ್ತಿ ಅದೇ ಬಾಗಿಲಿನೊಳಗೆ ಸಭೆಗೆ ಬಂದು ತನ್ನ ದರಪಟ್ಟಿ ಮುಂದಿಟ್ಟು, ಸೇವೆಗೆ ಇಷ್ಟಾಗುತ್ತದೆ ಎಂದು ಹೇಳುವುದಕ್ಕೆ ಬೇಕಾದ ಧೈರ್ಯವನ್ನು ಕೌಶಲಗಳ ಪಟ್ಟಿಯಲ್ಲಿ ಎಲ್ಲಿ ಸೇರಿಸಬೇಕೋ ನನಗೆ ತಿಳಿಯದು. ಅದು ಒಂದು ದಿನದ ತರಬೇತಿಯಿಂದ ಬಂದದ್ದಲ್ಲ. ಹಿಂದೆ ಸಂಘಟನೆಯಿದೆ, ಕೈಯಲ್ಲಿ ಚೀಟಿಯಿದೆ, ಇದೇ ಕೆಲಸ ಮಾಡುವ ನಾಲ್ಕು ಜನ ಜೊತೆಗಿದ್ದಾರೆ ಎಂಬುದರಿಂದ ಬಂದದ್ದು.

ಮುಂದಿನ ಒಪ್ಪಂದಗಳು

ಈ ಪ್ರಯತ್ನದ ವ್ಯಾಪ್ತಿಯನ್ನು ಹೆಚ್ಚಿಸಿ ಹೇಳುವುದು ಸರಿಯಲ್ಲ. ಮಂಡೂರು ಮುಚ್ಚಿದ ಮೇಲೂ ಬೆಂಗಳೂರಿನ ಬೆರಕೆ ಕಸ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳಿಗೆ ಹೋಯಿತು. ನಗರದ ಆಯುವವರಲ್ಲಿ ದೊಡ್ಡ ಪಾಲು ಇವತ್ತಿಗೂ ಬೀದಿಯಲ್ಲೇ ಇದ್ದಾರೆ, ಕೇಂದ್ರಗಳಲ್ಲೂ ವಿಂಗಡಿಸುವ ಕೂಲಿಯವರ ಸ್ಥಿತಿ ನಿರ್ವಾಹಕರಷ್ಟು ಸುಧಾರಿಸಿಲ್ಲ. ಇತ್ತೀಚೆಗೆ ದೂರದ ರಾಜ್ಯಗಳಿಂದ ಬಂದು ನಗರದ ಅಂಚಿನ ಶೆಡ್ಡುಗಳಲ್ಲಿ ನೆಲೆಸಿರುವವರಿಗೆ ಚೀಟಿ ಸಿಗುವುದು ಇನ್ನೂ ಕಷ್ಟ. ಕೆಲಸ ಅಧಿಕೃತವಾದಷ್ಟೂ ಅದು ಲಾಭದ ಬಾಬ್ತಾಗಿ ಕಂಡು ದೊಡ್ಡ ಗುತ್ತಿಗೆದಾರರು ಅತ್ತ ಕಣ್ಣು ಹಾಯಿಸುವ ಅಪಾಯವೂ ಇದೆ. ಟೆಂಡರಿನಲ್ಲಿ ಕೋಟಿಗಟ್ಟಲೆ ವಹಿವಾಟಿನ ಷರತ್ತು ಸೇರಿದರೆ ಆಯುವವರು ಅರ್ಜಿ ಹಾಕುವ ಮೊದಲೇ ಹೊರಗುಳಿಯುತ್ತಾರೆ.

ಆಡಳಿತದ ಚೌಕಟ್ಟು ಈಚೆಗೆ ಎರಡು ಬಾರಿ ಬದಲಾಯಿತು. 2021ರಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿ ರಚನೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರಪಾಲಿಕೆಗಳು ಬಂದವು. ಪಾಲಿಕೆಯ ಹೆಸರಿನಲ್ಲಿ ಮಾಡಿಕೊಂಡ ಒಪ್ಪಂದ, ಪಾಲಿಕೆಯ ಸಹಿಯಿರುವ ಚೀಟಿ, ಪಾಲಿಕೆ ಕೊಟ್ಟ ಜಾಗ, ಇವೆಲ್ಲ ಹೊಸ ಸಂಸ್ಥೆಗಳಲ್ಲಿ ಹೇಗೆ ಮುಂದುವರಿಯುತ್ತವೆ ಎಂಬುದು ಪತ್ರವ್ಯವಹಾರದ ವಿಷಯವಾಗಿ ಕಂಡರೂ ನಿರ್ವಾಹಕರ ಜೀವನದ ವಿಷಯ. ಹೊಸ ಒಪ್ಪಂದಗಳು ಬರೆಯಲ್ಪಡುವಾಗ ನಾಲ್ಕು ಸಂಗತಿಗಳು ಅವುಗಳ ಪಠ್ಯದಲ್ಲೇ ಇರಬೇಕೆಂದು ಈ ಪ್ರಕರಣವನ್ನು ನೋಡಿದ ಯಾರಿಗಾದರೂ ಅನಿಸುತ್ತದೆ. ಬೆಲೆ ಇಲ್ಲದ ಕಸವನ್ನು ಬೇರ್ಪಡಿಸಿ ಸಾಗಿಸಿದ್ದಕ್ಕೆ ತೂಕದ ಲೆಕ್ಕದಲ್ಲಿ ಸೇವಾ ಶುಲ್ಕ. ಬಿಲ್ಲು ಸಲ್ಲಿಸಿದ ಇಂತಿಷ್ಟು ದಿನದೊಳಗೆ ಪಾವತಿ, ತಡವಾದರೆ ಬಡ್ಡಿ. ಆಯುವವರ ಸಂಘಟನೆಗಳಿಗೆ ವಹಿವಾಟಿನ ಷರತ್ತಿನಿಂದ ವಿನಾಯಿತಿ. ಹಳೆಯ ಗುರುತಿನ ಚೀಟಿಗಳು ಐದೂ ಪಾಲಿಕೆಗಳಲ್ಲಿ ಸಿಂಧು ಎಂಬ ಒಂದು ಸಾಲು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ, ಮತ್ತು ಇವುಗಳನ್ನು ಕರಡಿನಲ್ಲಿ ಸೇರಿಸುವ ಕೆಲಸಕ್ಕೆ ಕೂರುವವರು ಬರೆಯುವ ಮೊದಲು ಒಂದು ಕೇಂದ್ರದ ಆರು ತಿಂಗಳ ಲೆಕ್ಕಪುಸ್ತಕವನ್ನು ಅದರ ನಿರ್ವಾಹಕರ ಜೊತೆ ಕೂತು ಓದಬೇಕು.